ದವಡೆ ಟಕ್ ಅಂದ ಮಾತ್ರಕ್ಕೆ ಹಲ್ಲು ತೇಯಿಸಿಕೊಳ್ಳಬೇಡಿ

ಕಿವಿ ನೋವು ಅಂತ ಇಎನ್‌ಟಿ ಡಾಕ್ಟರ ಹತ್ತಿರ ಹೋಗುತ್ತೀರಿ. ಅವರು ಲೈಟು ಬಿಟ್ಟು ನೋಡಿ, “ಕಿವಿ ಚೆನ್ನಾಗಿದೆಯಲ್ಲ, ಹಲ್ಲು ತೋರಿಸಿ” ಅನ್ನುತ್ತಾರೆ. ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆದು ಹುಳುಕೇನೂ ಇಲ್ಲ ಅನ್ನುತ್ತಾರೆ. ಜೊತೆಗೆ ತಲೆನೋವೂ ಇದೆ ಅಂದರೆ ನರರೋಗ ತಜ್ಞರಿಗೆ ಒಂದು ಚೀಟಿ. ದವಡೆ ಕೀಲಿನ ನೋವಿರುವ ಬಹಳ ಮಂದಿಯ ಕಥೆ ಇದು, ನನ್ನದೂ ಹೌದು. ಡಾಕ್ಟರುಗಳನ್ನು ಬೈಯಲು ಬರೆಯುತ್ತಿಲ್ಲ. ಈ ಕೀಲು ಯಾರ ಪಾಲಿಗೂ ಪೂರ್ತಿ ಬರದೆ ಉಳಿದುಬಿಟ್ಟಿದೆ. ಅಮೆರಿಕದ ನ್ಯಾಷನಲ್ ಅಕಾಡೆಮೀಸ್ ಎಂಬ ವಿಜ್ಞಾನ ಸಂಸ್ಥೆ 2020ರಲ್ಲಿ ಇದರ ಮೇಲೇ ಒಂದು ದೊಡ್ಡ ವರದಿ ತಂದಾಗ ಎತ್ತಿದ ಮುಖ್ಯ ದೂರೂ ಅದೇ: ವೈದ್ಯಕೀಯ ಒಂದು ಕಡೆ, ದಂತವೈದ್ಯ ಇನ್ನೊಂದು ಕಡೆ, ರೋಗಿ ನಡುವೆ.

ಹೀಗೆ ಸುತ್ತಿ ಸುತ್ತಿ ಸಾಕಾದವರು ಕೊನೆಗೆ ಯಾರಾದರೂ ಗಟ್ಟಿ ದನಿಯಲ್ಲಿ “ಇದನ್ನು ಸರಿಮಾಡಿಬಿಡೋಣ” ಅಂದರೆ ಸಾಕು, ಒಪ್ಪಿಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ. ಒಮ್ಮೆ ಮಾಡಿಸಿದ ಮೇಲೆ ಮೊದಲಿನಂತಾಗದ ಯಾವ ಚಿಕಿತ್ಸೆಗೂ ಶುರುವಿನಲ್ಲೇ ತಲೆಯಾಡಿಸಬೇಡಿ. ಕಚ್ಚು, ಅಂದರೆ ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ, ಸರಿಮಾಡುತ್ತೇವೆ ಅಂತ ಒಳ್ಳೆಯ ಹಲ್ಲು ತೇಯುವುದು, ಸಾಲಾಗಿ ಕ್ಯಾಪ್ ಹಾಕುವುದು, ಕೀಲನ್ನೇ ತೆರೆಯುವುದು, ಎಲ್ಲವೂ ಈ ಪಟ್ಟಿಗೇ ಸೇರುತ್ತವೆ.

ಎರಡು ತೋರುಬೆರಳನ್ನು ಎರಡೂ ಕಿವಿಯ ಮುಂದೆ ಇಟ್ಟು ಬಾಯಿ ತೆರೆದು ಮುಚ್ಚಿ. ಬೆರಳ ಕೆಳಗೆ ಒಂದು ಗುಬುಟು ಮೊದಲು ತಿರುಗಿ, ಆಮೇಲೆ ಮುಂದಕ್ಕೆ ಜಾರುವುದು ತಿಳಿಯುತ್ತದೆ. ಅದು ಕೆಳದವಡೆಯ ತುದಿ. ಮೊಣಕೈಯ ಹಾಗೆ ಬರೀ ಮಡಚುವ ಕೀಲಲ್ಲ ಇದು; ಮಡಚುತ್ತದೆ, ಜಾರುತ್ತದೆ, ಎಡ ಬಲದ್ದು ಒಟ್ಟಿಗೇ ಕೆಲಸ ಮಾಡಬೇಕು. ಆ ತುದಿಗೂ ತಲೆಬುರುಡೆಗೂ ನಡುವೆ ಒಂದು ತೆಳು ಬಿಲ್ಲೆ ಇದೆ. ಬಿಲ್ಲೆ ಸ್ವಲ್ಪ ಮುಂದಕ್ಕೆ ಸರಿದಿದ್ದರೆ, ಬಾಯಿ ತೆರೆಯುವಾಗ ಮೂಳೆಯ ತುದಿ ಅದರ ಕೆಳಗೆ ಸೇರಿಕೊಳ್ಳುತ್ತದೆ. ಟಕ್ ಅನ್ನುವುದು ಆಗ. ನೋವಿಲ್ಲದೆ ಬರೀ ಸದ್ದು ಮಾಡುವ ದವಡೆಗಳು ಎಷ್ಟೋ ಇವೆ, ಅವಕ್ಕೆ ಯಾವ ಚಿಕಿತ್ಸೆಯೂ ಬೇಕಿಲ್ಲ. ಸದ್ದು ಒಮ್ಮೆಲೇ ನಿಂತು, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದೆ ಹೋದರೆ ಮಾತ್ರ ತಡಮಾಡದೆ ತೋರಿಸಿ. ಬಿಲ್ಲೆ ಅಡ್ಡ ಕೂತಿರಬಹುದು. ಸಾಮಾನ್ಯವಾಗಿ ನಿಮ್ಮದೇ ಮೂರು ಬೆರಳು ನಿಲ್ಲಿಸಿ ಹಿಡಿಸುವಷ್ಟು, ಅಂದರೆ ಸುಮಾರು 40 ಮಿಲಿಮೀಟರ್, ಬಾಯಿ ತೆರೆಯಬೇಕು.

ಆದರೆ ಹೆಚ್ಚಿನವರಲ್ಲಿ ನೋಯುವುದು ಕೀಲೇ ಅಲ್ಲ, ಅದನ್ನು ಎಳೆಯುವ ಸ್ನಾಯು. ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಭಾಗದಲ್ಲಿ ಉಬ್ಬುತ್ತದಲ್ಲ, ಅದು ಮ್ಯಾಸಿಟರ್. ಕಣತಲೆಯಲ್ಲಿ ಬೀಸಣಿಗೆಯಂತೆ ಹರಡಿರುವುದು ಇನ್ನೊಂದು. ಊಟ, ನುಂಗುವಿಕೆ ಎಲ್ಲ ಸೇರಿದರೂ ಮೇಲಿನ ಕೆಳಗಿನ ಹಲ್ಲು ತಾಗಬೇಕಾದದ್ದು ದಿನದಲ್ಲಿ ಕೆಲವೇ ನಿಮಿಷ. ಉಳಿದ ಹೊತ್ತು ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಸಂದು ಇರಬೇಕು. ಈಗ ಓದುತ್ತಾ ನಿಮ್ಮವು ತಾಗಿಕೊಂಡಿವೆಯೇ ನೋಡಿ. ರಾತ್ರಿ ಹಲ್ಲು ಕಡಿಯುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಹಗಲು ಕಚ್ಚಿ ಹಿಡಿಯುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಸಿಟ್ಟು ಬಂದಾಗಲೇ ಹಲ್ಲು ಕಚ್ಚಬೇಕು ಅಂತೇನಿಲ್ಲ. ನನ್ನವು ಕೂಡುವುದು ಉದ್ದದ ಲೆಕ್ಕ ಕೂಡುವಾಗ, ಸೂಜಿಗೆ ದಾರ ಪೋಣಿಸುವಾಗ, ಫೋನಿನಲ್ಲಿ ಬಗ್ಗಿ ಟೈಪ್ ಮಾಡುವಾಗ. ದಿನವಿಡೀ ಮುಷ್ಟಿ ಬಿಗಿಹಿಡಿದವನ ಕೈ ಸಂಜೆಗೆ ನೋಯದೆ ಇದ್ದೀತೇ? ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಕೆನ್ನೆಯ ಒಳಗೆ ಉದ್ದಕ್ಕೆ ಬಿಳಿ ಗೆರೆ ಕಂಡರೆ ನಿಮ್ಮ ದವಡೆಯೂ ಹೀಗೆ ದುಡಿಯುತ್ತಿರಬಹುದು.

ಹಾಗಿದ್ದರೆ ಕಚ್ಚು ಸರಿಯಿಲ್ಲದ್ದೇ ಕಾರಣ ಅನ್ನುವ ಮಾತು ಎಲ್ಲಿಂದ ಬಂತು? ಬಹುಮಟ್ಟಿಗೆ 1934ರಿಂದ. ಜೇಮ್ಸ್ ಕಾಸ್ಟೆನ್ ಎಂಬ ಅಮೆರಿಕದ ಇಎನ್‌ಟಿ ವೈದ್ಯ ಬರೀ 11 ರೋಗಿಗಳನ್ನು ಇಟ್ಟುಕೊಂಡು, ಹಿಂದಿನ ಹಲ್ಲು ಹೋದರೆ ದವಡೆ ಅತಿಯಾಗಿ ಮುಚ್ಚಿಕೊಂಡು ಕಿವಿ ಮತ್ತು ನರಗಳನ್ನು ಒತ್ತುತ್ತದೆ ಅಂತ ಬರೆದರು. ಅವರು ಹೇಳಿದ ಆ ಒತ್ತಡ ಅಂಗರಚನೆಗೆ ಹೊಂದುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ನೋವಿದ್ದರೆ ಕಚ್ಚು ತಿದ್ದಬೇಕು ಎಂಬ ನಂಬಿಕೆ ಬೇರೂರಿಯಾಗಿತ್ತು. ಈಗ ತಿಳಿದಿರುವ ಪ್ರಕಾರ ಈ ನೋವಿನ ಜೊತೆ ಹೆಚ್ಚಾಗಿ ಕಾಣುವುದು ಕೆಟ್ಟ ನಿದ್ದೆ, ಆತಂಕ, ಮೈಯಲ್ಲಿ ಬೇರೆ ಕಡೆಯ ದೀರ್ಘ ನೋವುಗಳು, ದವಡೆಗೆ ಬಿದ್ದ ಪೆಟ್ಟು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅದಕ್ಕೇ ಏನೋ, “ಎಲ್ಲ ಟೆನ್ಷನ್ನು” ಅಂತ ತಳ್ಳಿಹಾಕುವುದೂ ಹೆಚ್ಚು.

ಕೀಲಿನ ಆಪರೇಷನ್ನಿಗೆ ಅವಸರಪಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಕೆಟ್ಟ ಉದಾಹರಣೆ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಬಿಲ್ಲೆ ತೆಗೆದು ಆ ಜಾಗಕ್ಕೆ ಟೆಫ್ಲಾನ್ ಇರುವ ಇಂಪ್ಲಾಂಟ್ ಹಾಕಿದರು. ಜಗಿಯುವ ಒತ್ತಡಕ್ಕೆ ಅದು ಚೂರುಚೂರಾಯಿತು. ಆ ಚೂರುಗಳ ವಿರುದ್ಧ ದೇಹ ತಿರುಗಿಬಿದ್ದು ಅಕ್ಕಪಕ್ಕದ ಮೂಳೆಯೇ ಸವೆಯಿತು. 1990ರ ಕೊನೆಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಡುವ ಹೊತ್ತಿಗೆ ಎಷ್ಟೋ ಜನರ ದವಡೆ ಮೊದಲಿಗಿಂತ ಹಾಳಾಗಿತ್ತು. ಇಂದಿನ ಸಾಮಗ್ರಿ ಬೇರೆ, ನಿಜವಾಗಿ ಆಪರೇಷನ್ ಬೇಕಾದವರೂ ಇದ್ದಾರೆ. ಆದರೆ ಅಂಥವರು ಕಡಿಮೆ.

2023ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ, ಮೂರು ತಿಂಗಳು ದಾಟಿದ ನೋವಿಗೆ ಒಂದು ಮಾರ್ಗಸೂಚಿ ಪ್ರಕಟಿಸಿತು. ಅದು ಬಲವಾಗಿ ಎತ್ತಿಹಿಡಿದದ್ದು ತರಬೇತಿ ಪಡೆದವರ ಕೈಯಲ್ಲಿ ದವಡೆ ವ್ಯಾಯಾಮ, ಸ್ನಾಯು ಒತ್ತಿ ಸಡಿಲಿಸುವುದು, ಕತ್ತು ಭುಜದ ಭಂಗಿ ತಿದ್ದುವುದು, ಮತ್ತು ನೋವಿನೊಂದಿಗೆ ವರ್ತಿಸುವ ರೀತಿಯನ್ನೇ ಬದಲಿಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಬಿಲ್ಲೆ ಕತ್ತರಿಸಿ ತೆಗೆಯುವುದು ಬೇಡ ಅಂತ ಅಷ್ಟೇ ಬಲವಾಗಿ ಹೇಳಿತು. ಬೊಟಾಕ್ಸ್, ಲೇಸರ್, ಹಲ್ಲಿನ ಮೇಲೆ ಹಾಕಿ ತೆಗೆಯುವ ಕವಚ, ಅಂದರೆ ಸ್ಪ್ಲಿಂಟ್ ಕೂಡ ಅದರ ಶಿಫಾರಸಿನಲ್ಲಿಲ್ಲ. ಸ್ಪ್ಲಿಂಟಿನ ವಿಷಯದಲ್ಲಿ ನನ್ನದು ಸ್ವಲ್ಪ ಮೆದು ನಿಲುವು. ರಾತ್ರಿ ಹಲ್ಲು ಕಡಿಯುವವರ ಹಲ್ಲು ಸವೆಯದಂತೆ ನೈಟ್ ಗಾರ್ಡ್ ಎಂಬ ರಾತ್ರಿಯ ಸ್ಪ್ಲಿಂಟ್ ಕಾಯುತ್ತದೆ, ಆ ಕೆಲಸಕ್ಕೆ ಹಾಕಿಕೊಳ್ಳಲಿ. ನೋವು ಹೋಗುತ್ತದೆ ಅನ್ನುವ ಭರವಸೆ ಮೇಲೆ ಸಾಲ ಮಾಡಿ ಕೊಳ್ಳುವ ವಸ್ತುವಲ್ಲ.

ಮನೆಯಲ್ಲಿ ಮಾಡುವುದು ಕೇಳಿದರೆ ಸಪ್ಪೆ ಅನ್ನಿಸುತ್ತದೆ, ಆದರೆ ಹೆಚ್ಚಿನವರಿಗೆ ಅಷ್ಟರಲ್ಲೇ ಕೆಲವು ವಾರಗಳಿಂದ ತಿಂಗಳುಗಳಲ್ಲಿ ನೋವು ಇಳಿಯುತ್ತದೆ. ಮೆತ್ತಗಿನ ಊಟ, ಸಣ್ಣ ತುತ್ತು, ಚೂಯಿಂಗ್ ಗಮ್ ಬಂದ್. 15-20 ನಿಮಿಷ ಬಿಸಿ ಶಾಖ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಆನಿಸುವುದು. ನಾಲಿಗೆ ತುದಿಯನ್ನು ಮೇಲಿನ ಮುಂಹಲ್ಲಿನ ಹಿಂದಿನ ಅಂಗುಳಕ್ಕೆ ತಾಗಿಸಿ, ಅದು ಬಿಡದಂತೆ ನಿಧಾನವಾಗಿ ಬಾಯಿ ತೆರೆದು ಮುಚ್ಚುವುದು. ಕನ್ನಡಿ ಮುಂದೆ ಮಾಡಿದರೆ ಗದ್ದ ಒಂದು ಕಡೆಗೆ ವಾಲುವುದು ಕಂಡು, ನೇರ ತರಲು ಆಗುತ್ತದೆ. ಉಳಿದದ್ದೆಲ್ಲ ಹಲ್ಲು ಬಿಡಿಸುವ ಅಭ್ಯಾಸ. ಫೋನ್ ಕೈಗೆತ್ತಿದಾಗಲೆಲ್ಲ ದವಡೆ ನೆನಪಾಗಬೇಕು. ಶುದ್ಧ ಬೋರು, ಒಪ್ಪುತ್ತೇನೆ.

ದವಡೆ ನೋವೆಲ್ಲ ಇದೇ ಅಂತ ಮಾತ್ರ ಕೂರಬೇಡಿ. ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟದ ಜೊತೆ ದವಡೆ ನೋವು ಬಂದರೆ ಅದು ಹೃದಯಾಘಾತ ಇರಬಹುದು, ತುರ್ತು ಚಿಕಿತ್ಸೆಗೆ ಓಡಿ. 50 ದಾಟಿದವರಿಗೆ ಜಗಿಯುವಾಗ ದವಡೆ ಸೋತು, ಕಣತಲೆಯಲ್ಲಿ ಹೊಸ ನೋವು ಬಂದು, ಕಣ್ಣು ಮಂಜಾದರೆ ರಕ್ತನಾಳದ ಉರಿಯೂತ ಇರಬಹುದು. ಅಂದೇ ತೋರಿಸದಿದ್ದರೆ ದೃಷ್ಟಿ ಹೋಗುವ ಅಪಾಯವಿದೆ. ಜ್ವರದ ಜೊತೆ ಊತ, ಮುಖ ಜೋಮು ಹಿಡಿಯುವುದು, ಬಾಯಿ ತೆರೆಯುವುದು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಾ ಹೋಗುವುದು, ಇವೂ ಕಾಯುವ ಲಕ್ಷಣಗಳಲ್ಲ.

ಇವು ಯಾವುವೂ ಇಲ್ಲದೆ, ಬರೀ ನೋವಿಗೆ ಯಾರಾದರೂ ಹಲ್ಲು ತೇಯುವ ಅಥವಾ ಆಪರೇಷನ್ನಿನ ಮಾತೆತ್ತಿದರೆ, “ಇದನ್ನು ಮಾಡಿಸದೆ ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿದರೆ ನನಗೇನು ನಷ್ಟ?” ಅಂತ ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಇನ್ನೊಬ್ಬರಿಗೆ ತೋರಿಸಿ.