18 ಮಿಲಿ ನೆರಳು

ಒಂದು ಇಂಚಿಗಿಂತ ಚೂರು ಜಾಸ್ತಿ ಎತ್ತರ ಇರುವ ಮನುಷ್ಯನಿಗೆ ನೆರಳು ಸಾಲುವುದಿಲ್ಲ. ಮಿನಿಯೇಚರ್ ಬೊಂಬೆಗಳಿಗೆ ಬಣ್ಣ ಹಚ್ಚುವವರ ತಲೆನೋವೆಲ್ಲ ಶುರುವಾಗುವುದು ಇಲ್ಲಿಂದಲೇ. 28 ಮಿಲಿಮೀಟರ್ ಸೈನಿಕನ ಅಂಗಿಯಲ್ಲಿ ಮಡಿಕೆ ಇರುತ್ತದೆ, ಬೆರಳುಗಳ ನಡುವೆ ಸಂದೂ ಇರುತ್ತದೆ. ಆದರೆ ಅಷ್ಟು ಸಣ್ಣ ತಗ್ಗಿನಲ್ಲಿ ಬೆಳಕು ಎಷ್ಟು ಅಂತ ಆಟ ಆಡೀತು? ನಮ್ಮ ಇಟಗಿಯ ಮಹಾದೇವ ದೇವಾಲಯ ನೋಡಿ. 1112ರಲ್ಲಿ ಕಟ್ಟಿದ್ದು. ಆ ಕೆತ್ತನೆಗೆ ಯಾರೂ ಶೇಡ್ ಕೊಡಬೇಕಾಗಿಲ್ಲ. ಬೆಳಗ್ಗೆ ಒಂದು ಮಗ್ಗುಲಿಗೆ, ಸಂಜೆ ಇನ್ನೊಂದು ಮಗ್ಗುಲಿಗೆ ಬಿಸಿಲೇ ಬಂದು ಆ ಕೆಲಸ ಮಾಡಿಹೋಗುತ್ತದೆ. ಮೇಜಿನ ಮೇಲಿನ ಸೈನಿಕನಿಗೆ ಆ ಭಾಗ್ಯ ಇಲ್ಲ. ಅವನ ನೆರಳನ್ನು ನಾವೇ ಬಾಟಲಿಯಿಂದ ತೆಗೆದು ಹಚ್ಚಬೇಕು.

ಆ ಬಾಟಲಿಯಲ್ಲಿ ಇರುವುದು ವಾಶ್. ಶೇಡ್ ಅಂತಲೂ ಅಂತಾರೆ, ಸ್ಟೇನ್ ಅಂತಲೂ ಅಂತಾರೆ. ತಿಳಿಸಾರಿನಷ್ಟು ತೆಳುವಾದ ಬಣ್ಣ. ಬ್ರಷ್ಷಿನಿಂದ ಹಚ್ಚಿದರೆ ಉಬ್ಬಿದ ಕಡೆಯಿಂದ ಜಾರಿ ತಗ್ಗಿಗೆ ಹೋಗಿ ಕೂರುತ್ತದೆ. ಮೂಗಿನ ಪಕ್ಕ, ಪಟ್ಟಿಯ ಕೆಳಗೆ, ಗಡ್ಡದ ಎಳೆಗಳ ನಡುವೆ ತಾನೇ ಜಾಗ ಹುಡುಕಿಕೊಳ್ಳುತ್ತದೆ. ಮನೆಗೆ ಬಂದವರು ಬಾಟಲಿ ಅಲ್ಲಾಡಿಸಿ, "ಇದು ಬ್ರಷ್ ತೊಳೆದ ನೀರಲ್ವಾ? ದುಡ್ಡು ಕೊಟ್ಟು ತರಿಸಿದ್ರಾ?" ಅಂತ ಕೇಳುತ್ತಾರೆ. 18 ಮಿಲಿ ಬಾಟಲಿಯ ಬೆಲೆ ಹೇಳಿದರೆ ಇನ್ನೊಂದು ಮಾತು ಕೇಳಬೇಕಾಗುತ್ತದೆ, ಅದಕ್ಕೆ ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ಬ್ರಷ್ ತೊಳೆದ ನೀರಿಗೂ ಇದಕ್ಕೂ ವ್ಯತ್ಯಾಸ ಇದೆ. ಅಕ್ರಿಲಿಕ್ ಬಣ್ಣಕ್ಕೆ ಬರೀ ನೀರು ಸುರಿದರೆ ಅದರ ಅಂಟು ತೆಳುವಾಗಿಬಿಡುತ್ತದೆ, ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ವಾಶ್‌ನಲ್ಲಿ ಅಂಟಿನ ಮೀಡಿಯಂ ಇರುತ್ತದೆ. ಹನಿ ಉಂಡೆ ಕಟ್ಟದೆ ಹರಡಲಿ ಅಂತ ನೀರಿನ ಬಿಗಿತ ಇಳಿಸುವ ದ್ರವವೂ ಇರುತ್ತದೆ. ಸಾಮಾನು ಗೊತ್ತಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು.

ಈಗ ಮುಖ್ಯ ಜಗಳಕ್ಕೆ ಬರೋಣ. ಕಪ್ಪೋ, ಕಂದೋ?

ಈ ಹವ್ಯಾಸದವರಿಗೆಲ್ಲ ಗೊತ್ತಿರುವ ಎರಡು ಬಾಟಲಿಗಳಿವೆ, ಎರಡೂ ಸಿಟಾಡೆಲ್ ಅನ್ನುವ ಬಣ್ಣದ ಬ್ರ್ಯಾಂಡಿನವು. ಕಪ್ಪು ನಲ್ನ್ ಆಯಿಲ್, ಕಂದು ಅಗ್ರಾಕ್ಸ್ ಅರ್ತ್‌ಶೇಡ್. ಮೊದಲನೆಯದರ ಹೆಸರಿನಲ್ಲಿ ಎಣ್ಣೆ ಇದ್ದರೂ ಒಳಗಿರುವುದು ಅಕ್ರಿಲಿಕ್ಕೇ. ಹೊಸಬರು ಕಪ್ಪನ್ನೇ ಹಿಡಿಯುತ್ತಾರೆ. ನೆರಳು ಅಂದರೆ ಕಪ್ಪು ತಾನೇ? ಕತ್ತಿ, ಕವಚ, ಸರಪಳಿಗೆ ಅದು ಚೆನ್ನ, ಒಪ್ಪಿದೆ. ಆದರೆ ಹಳದಿಯ ಮೇಲೆ ಕಪ್ಪು ಹಚ್ಚಿ ನೋಡಿ, ಪಾಚಿ ಹಸಿರು ಬಂದು ಕೂರುತ್ತದೆ. ಹಳದಿ ರುಮಾಲು ಕಟ್ಟಿದವನು ಬಾವಿಯಿಂದ ಎದ್ದು ಬಂದವನಾಗುತ್ತಾನೆ. ಕೆಂಪಿನ ಮೇಲೆ ಹಚ್ಚಿದರೆ ಕೆಂಪು ಸಪ್ಪೆಯಾಗುತ್ತದೆ. ಹಳದಿಗೆ ಕಂದು ಅಥವಾ ಕಿತ್ತಳೆ ಕಡೆಯ ಶೇಡ್ ಬೇಕು, ಕೆಂಪಿಗೆ ಕಂದು ಇಲ್ಲವೇ ನೇರಳೆ.

ನಾನು ಕಂದಿನ ಪಕ್ಷ. ಕೊಪ್ಪಳದಲ್ಲಿ ಇದ್ದುಕೊಂಡು ಬೇರೆ ಪಕ್ಷ ಸೇರುವುದು ಹೇಗೆ? ನಮ್ಮ ಕಡೆ ನೆರಳು ಕಪ್ಪಗಿರುವುದಿಲ್ಲ. ಮಧ್ಯಾಹ್ನ ಬೇವಿನ ಮರದ ಕೆಳಗೆ ನಿಂತವರ ಗಲ್ಲದ ಅಡಿ ನೋಡಿ, ಕೆಂಪು ನೆಲದ ಬೆಳಕು ಮೇಲಕ್ಕೆ ಚಿಮ್ಮಿ ಅಲ್ಲಿ ಬೆಚ್ಚನೆಯ ಕಂದು ಇರುತ್ತದೆ. ಬಳ್ಳಾರಿ, ಸಂಡೂರಿನ ಕಡೆಗೆ ಹೋದರೆ ಅದಿರಿನ ಧೂಳೇ ವಾಶ್. ಲಾರಿಯ ಬೋಲ್ಟಿನ ಸುತ್ತ, ಬಾಗಿಲಿನ ಸಂದಿಯಲ್ಲಿ, ಅಕ್ಷರಗಳ ಅಂಚಿನಲ್ಲಿ ಅದು ಕೂತಿರುವ ರೀತಿ ನೋಡಿದರೆ ಯಾವ ಕಲಾವಿದನಿಗೂ ಹೊಟ್ಟೆಕಿಚ್ಚು ಬರಬೇಕು. ಇನ್ನೊಂದು ಮಜಾ ಏನು ಗೊತ್ತಾ? ಚಿತ್ರಕಾರರು ಶತಮಾನಗಳಿಂದ ನೆರಳಿಗೆ ಬಳಸಿದ ಅಂಬರ್ ಅನ್ನುವ ಕಂದು ಬಣ್ಣಕ್ಕೆ ಆ ಕಂದು ಕೊಡುವುದು ಕಬ್ಬಿಣ ಮತ್ತು ಮ್ಯಾಂಗನೀಸ್. ಸಂಡೂರಿನ ಗುಡ್ಡಗಳಲ್ಲಿ ಅಗೆಯುವುದೂ ಅವೆರಡನ್ನೇ.

ಚರ್ಮದ ವಿಷಯ ಬಂದರೆ ಬೊಂಬೆಗಳ ಡಬ್ಬಿಯ ಮೇಲಿನ ಚಿತ್ರ ನಂಬಬೇಡಿ. ಅಲ್ಲಿ ಸಾಮಾನ್ಯವಾಗಿ ಗುಲಾಬಿ ಮುಖದವರೇ. ಅವರಿಗೆ ಹೇಳಿ ಮಾಡಿಸಿದ ಕೆಂಗಂದು ಶೇಡ್ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಾಣುವ ಮುಖಗಳ ಮೇಲೆ ಹಚ್ಚಿದರೆ ಹಚ್ಚಿದ್ದೇ ಗೊತ್ತಾಗುವುದಿಲ್ಲ. ಗಾಢ ಮೈಬಣ್ಣಕ್ಕೆ ಕಂದಿನ ಜೊತೆ ಒಂದು ಹನಿ ನೇರಳೆ ಸೇರಿಸಿ. ಕೆನ್ನೆಯ ಕೆಳಗೆ, ಕಣ್ಣಿನ ಗುಳಿಯಲ್ಲಿ ಜೀವ ಬರುತ್ತದೆ.

ಇಷ್ಟೆಲ್ಲ ಯಾಕೆ, ಕಿನ್ನಾಳದ ಬೊಂಬೆ ನೋಡಿ, ಶೇಡ್ ಗೀಡ್ ಏನೂ ಇಲ್ಲದೆ ಜೋರಾಗಿ ನಿಂತಿಲ್ಲವೇ ಅಂತ ಸ್ನೇಹಿತರೊಬ್ಬರು ವಾದ ಮಾಡುತ್ತಾರೆ. ನಿಜವೇ. ಹಗುರ ಮರದ ಮೇಲೆ ಹುಣಸೆಬೀಜದ ಅಂಟಿನ ಹದ, ಆಮೇಲೆ ಕಣ್ಣು ಕುಕ್ಕುವ ಕೆಂಪು, ಹಳದಿ, ಹಸಿರು. ಆದರೆ ಅಲ್ಲಿ ಒಡವೆಯನ್ನೇ ಉಬ್ಬಿಸಿ ಮಾಡಿರುತ್ತಾರೆ, ಹುಬ್ಬನ್ನು ಗೆರೆ ಎಳೆದು ಬರೆದಿರುತ್ತಾರೆ. ಗೆರೆಯೇ ಅಲ್ಲಿ ನೆರಳಿನ ಕೆಲಸ ಮಾಡುತ್ತದೆ. ನಾನು ಹಾಗೆ ಗೆರೆ ಎಳೆಯಲು ಹೋದರೆ ಸೈನಿಕನಿಗೆ ಮುಖಕ್ಕಿಂತ ದೊಡ್ಡ ಹುಬ್ಬು ಬರುತ್ತದೆ.

ಬೇಸಿಗೆಯಲ್ಲಿ ಬೇರೆಯದೇ ಕಥೆ. ವಾಶ್ ಒಣಗುವಾಗ ಹನಿಯ ಅಂಚು ಮೊದಲು ಒಣಗುತ್ತದೆ. ನಡುವಿನ ನೀರು ಅಂಚಿನ ಕಡೆಗೆ ಹರಿಯುತ್ತಾ ಬಣ್ಣದ ಕಣಗಳನ್ನೂ ಒಯ್ಯುತ್ತದೆ. ಆಗ ಉಳಿಯುವುದೇ ಆ ಹಾಳು ಉಂಗುರ. ಮೇಜಿನ ಮೇಲೆ ಕಾಫಿ ಚೆಲ್ಲಿದಾಗ ಆಗುವುದೂ ಇದೇ. ಇದು ಯಾಕೆ ಹೀಗೆ ಅಂತ ವಿಜ್ಞಾನಿಗಳು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಿಡಿಸಿ ಬರೆದರು. ಅವರು ಏನೇ ಬರೆಯಲಿ, ಮೇ ತಿಂಗಳ ಕೊಪ್ಪಳದಲ್ಲಿ ಉಂಗುರ ತಪ್ಪಿಸಬೇಕಾದರೆ ಫ್ಯಾನ್ ಆಫ್ ಮಾಡಬೇಕು. ಒಬ್ಬ ಪ್ಲಾಸ್ಟಿಕ್ ಸೈನಿಕನ ಭುಜಕ್ಕಾಗಿ ಇಡೀ ಮನೆ ಬೆವರುವುದನ್ನು ಮನೆಯವರು ಎಷ್ಟು ಹೊತ್ತು ಸಹಿಸಿಯಾರು? ಬೆಳಗಿನ ಜಾವ ಕೂರುವುದು ಒಳ್ಳೆಯದು. ಒಂದೊಂದೇ ಭಾಗಕ್ಕೆ ಹಚ್ಚಿ, ಜಾಸ್ತಿ ನಿಂತದ್ದನ್ನು ಒಣಬ್ರಷ್ಷಿನಿಂದ ಹೀರಿಬಿಡಿ.

ತಾಳ್ಮೆ ಇದ್ದವರಿಗೆ ಆಯಿಲ್ ವಾಶ್ ಇದೆ. ಮೊದಲು ವಾರ್ನಿಶ್, ಅದು ಒಣಗಿದ ಮೇಲೆ ವೈಟ್ ಸ್ಪಿರಿಟ್ ಅನ್ನುವ ತಿನ್ನರ್‌ನಲ್ಲಿ ಕದಡಿದ ಎಣ್ಣೆಬಣ್ಣ. ನಿಧಾನ ಒಣಗುತ್ತದೆ, ಬೇಡವಾದ ಕಡೆ ಒರೆಸಿ ತೆಗೆಯಬಹುದು. ವಾಸನೆಗೆ ಕಿಟಕಿ ತೆಗೆಯಲೇಬೇಕು, ತೆಗೆದರೆ ಧೂಳು ಬರುತ್ತದೆ. ಬಂದರೆ ಬರಲಿ, ಅದೂ ಕಂದೇ.

ಇನ್ನು ಉಳಿದದ್ದು ಬಿಳಿ. ಪಂಚೆ ಉಟ್ಟ ಕಾಲಾಳುಗಳಿಗೆ ಯಾವ ಶೇಡ್? ಬಲ್ಲವರು ತೆಳು ನೀಲಿಬೂದು ಹಚ್ಚಿ ಅಂತಾರೆ. ನೀಲಿ ಹಾಕಿ ಒಗೆದು ಆಗಷ್ಟೇ ಒಣಗಿಸಿದ ಪಂಚೆಗೆ ಅದು ಸರಿ. ಆದರೆ ಈ ಕೆಂಪು ನೆಲದಲ್ಲಿ ನಡೆದುಕೊಂಡು ಬಂದ ಸೈನಿಕನ ಪಂಚೆ ಪೂರ್ತಿ ನೀಲಿಬೂದು ಇರಲು ಸಾಧ್ಯವೇ? ಅದಕ್ಕೆ ನಾನು ಸೊಂಟದಿಂದ ಮೊಣಕಾಲಿನವರೆಗೆ ನೀಲಿಬೂದು ಹಚ್ಚುತ್ತೇನೆ. ಅಲ್ಲಿಂದ ಕೆಳಕ್ಕೆ ಅಂಬರ್. ದಂಡನಾಯಕನಿಗೆ ಮಾತ್ರ ಪೂರ್ತಿ ನೀಲಿಬೂದೇ, ಅವನು ಕುದುರೆ ಮೇಲೆ ಬಂದಿರುತ್ತಾನೆ.