ಸಿಳ್ಳೆ ಹಾಕುವ ಕಿಟಕಿ

ಆಷಾಢ ಬಂತೆಂದರೆ ನಮ್ಮ ಚಿಕ್ಕಮಗಳೂರಿನ ಮನೆಯಲ್ಲಿ ನಿದ್ದೆಯಿಲ್ಲ. ಗಿರಿ ಕಡೆಯಿಂದ ಗಾಳಿ ಬೀಸಿದರೆ ಸಾಕು, ಎರಡು ಪದರ ಗಾಜಿನ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿ ರಾತ್ರಿಯಿಡೀ ಸುಂಯ್ ಅಂತ ಸಿಳ್ಳೆ ಹಾಕುತ್ತೆ. ಅಮ್ಮ ಮಫ್ಲರ್ ಸುತ್ತಿಕೊಂಡು ನಡುಮನೆಯಲ್ಲಿ ಮಲಗ್ತಾರೆ. ಸಾಲ ಮಾಡಿ ಹಾಕಿಸಿದ್ದು ಇದಕ್ಕಾ?

ಕೂರಿಸಿದವರಿಗೆ ಫೋನ್ ಮಾಡಿದರೆ "ನಾಳೆ ಹುಡುಗನ್ನ ಕಳಿಸ್ತೀನಿ ಸಾರ್" ಅಂತಾರೆ. ಆ ನಾಳೆ ಬರಲೇ ಇಲ್ಲ. ಕೊನೆಗೆ ನಾನೇ ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ಹಿಡಿದೆ. ಗಾಜಿನ ಹತ್ತಿರ ಹೊಗೆ ನೆಟ್ಟಗೆ ಏಳ್ತಿತ್ತು. ಕೆಳಮೂಲೆಗೆ ಬಂದಾಗ ತಟ್ಟನೆ ಒಳಕ್ಕೆ ಬಾಗಿತು. ತಪ್ಪು ಗಾಜಿನದ್ದಲ್ಲ. ಸುತ್ತಲಿನ ರಬ್ಬರ್ ಪಟ್ಟಿ ಮೂಲೆಯಲ್ಲಿ ಕುಗ್ಗಿ, ಬೆಂಕಿಕಡ್ಡಿ ತೂರುವಷ್ಟು ಸಂದು ಬಿಟ್ಟಿದೆ. ಅಷ್ಟು ಸಣ್ಣ ಸಂದಿನಲ್ಲಿ ಗಾಳಿ ನುಗ್ಗುವಾಗಲೇ ಈ ಕೂಗು.

ಹಳೇ ಪಟ್ಟಿ ಕಿತ್ತು, ಅದರ ತುಂಡನ್ನೇ ಅಂಗಡಿಗೆ ಒಯ್ದು ಅದೇ ಅಳತೆಯ ಇಪಿಡಿಎಂ ಅನ್ನೋ ರಬ್ಬರಿನ ಪಟ್ಟಿ ತಂದೆ. ಎಳೆದು ಕೂರಿಸಬಾರದು, ಎಳೆದರೆ ಮತ್ತೆ ಕುಗ್ಗುತ್ತೆ. ಗೋಡೆಗೂ ಚೌಕಟ್ಟಿಗೂ ನಡುವಿನ ಬಿರುಕಿಗೆ ಸಿಲಿಕೋನ್ ಅಂಟು ತುಂಬಿದೆ. ಕೆಳಗೆ ನೀರು ಹೋಗುವ ತೂತನ್ನು ಮಾತ್ರ ಮುಚ್ಚಲೇಬೇಡಿ. ಮುಚ್ಚಿದರೆ ನಮ್ಮ ಮಳೆಗೆ ನೀರು ಒಳಗೇ ನಿಲ್ಲುತ್ತೆ.

ಅರ್ಧ ದಿನದ ಕೆಲಸ. ದುಡ್ಡು ಎಣಿಸಿಕೊಂಡವರಿಗೆ ಇಷ್ಟನ್ನು ಮೊದಲೇ ಸರಿಯಾಗಿ ಮಾಡೋಕೆ ಏನು ಕಷ್ಟ? ಮೂರು ಮಳೆಗಾಲ ಅಮ್ಮ ನಡುಗಿದರು.