ಹೂಂ ಅಂದ ಮೇಲೆ ತಳ್ಳು

ಇಂಗ್ಲೆಂಡಿಗೆ ಬಂದ ಅವ್ವನಿಗೆ ಇಲ್ಲಿ ಜಾಸ್ತಿ ಏನೂ ಹಿಡಿಸಲಿಲ್ಲ. ಚಹಾ ನೀರು ನೀರು, ಬಿಸಿಲಿಗೆ ಬಿಸಿಯಿಲ್ಲ. ಒಂದು ದಿನ ಪೀಕ್ ಡಿಸ್ಟ್ರಿಕ್ಟಿನ ಗುಡ್ಡದ ದಾರಿಗೆ ಅಂತ ದಪ್ಪ ಟೈರಿನ ಗಾಲಿಕುರ್ಚಿ ಬಾಡಿಗೆಗೆ ತಗೊಂಡೆ. ಹಿಂದಿನಿಂದ ಒಬ್ಬರು ತಳ್ಳುವಂಥದ್ದು. ಕೊಡುವವನು ಅವ್ವನ ಮುಂದೆ ಮೊಣಕಾಲೂರಿ, "ಈಗ ಸ್ವಲ್ಪ ಹಿಂದಕ್ಕೆ ವಾಲಿಸ್ತೀನಿ, ಆಗಬಹುದಾ?" ಅಂದ. ಕನ್ನಡದಲ್ಲಿ ಹೇಳಿದೆ. ಅವ್ವ ಹೂಂ ಅಂದಳು. ಆಮೇಲೇ ಅವನು ಕುರ್ಚಿ ಮುಟ್ಟಿದ್ದು.

"ನನ್ನ ಕೇಳಿದ ನೋಡು," ಅಂತ ಸಂಜೆತನಕ ಅದನ್ನೇ ಹೇಳಿದಳು. ನನಗೆ ಚುಚ್ಚಿತು. ಊರಿಗೆ ಹೋದಾಗೆಲ್ಲ ತಳ್ಳಿದವನು ನಾನು, ಒಮ್ಮೆಯೂ ಕೇಳಿರಲಿಲ್ಲ.

ಆ ಮನುಷ್ಯ ಇಪ್ಪತ್ತು ನಿಮಿಷ ಪಾಠ ಮಾಡಿದ. ಮೊದಲು ಸೊಂಟದ ಪಟ್ಟಿ. ಪಾದ ಪಾದದಾನಿ ಮೇಲೆ, ಕೈ ಮಡಿಲಲ್ಲಿ. ಕಡಿದಾದ ಇಳಿಜಾರು ಬಂದರೆ ಕುರ್ಚಿ ತಿರುಗಿಸಿ ಹಿಮ್ಮುಖವಾಗಿ ಇಳಿಸು, ಅಂದರೆ ತಳ್ಳುವವನು ಕೆಳಗಿರಬೇಕು. ಗುಡ್ಡಕ್ಕೆ ಅಡ್ಡಡ್ಡ ಹೋದರೆ ಮಗುಚುತ್ತದೆ. ನಿಂತಾಗೆಲ್ಲ ಬ್ರೇಕ್, ಒಂದೇ ನಿಮಿಷ ಆದರೂ ಸರಿ. ಕೊನೆಗೆ ನನ್ನನ್ನೇ ಕೂಡಿಸಿ, ಏನೂ ಹೇಳದೆ ಒಂದು ಕಲ್ಲಿನ ಮೇಲೆ ಹಾಯಿಸಿದ. ಎದೆ ಧಸಕ್ ಅಂತು, ಕೈ ತಾನಾಗಿಯೇ ಏನಾದರೂ ಹಿಡಿಯೋಕೆ ಹುಡುಕಿತು. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಆಗ ನೆನಪಾಗಿದ್ದು ಹಿಂದಿನ ಬನದ ಹುಣ್ಣಿಮೆ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಯಾರದೋ ಆಸ್ಪತ್ರೆ ಕುರ್ಚಿ ಇಸ್ಕೊಂಡು ಹೋಗಿದ್ವಿ. ಬಾಗಿಲು-ಚೌಕಟ್ಟು ಮಾರುವ ಸಾಲು ದಾಟುವಷ್ಟರಲ್ಲಿ ಮುಂದಿನ ಸಣ್ಣ ಗಾಲಿ ಉಸುಕಿನಲ್ಲಿ ಹೂತವು. ನಾನು ಜೋರಾಗಿ ನೂಕಿದೆ, ಅವ್ವ ಮುಂದಕ್ಕೆ ಜಾರಿದಳು. ಪಟ್ಟಿ ಎಲ್ಲಿಂದ ಬರಬೇಕು? ಕುರ್ಚಿ ತಿರುಗಿಸಿ ದೊಡ್ಡ ಗಾಲಿ ಮುಂದೆ ಮಾಡಿ ಎಳೆದಿದ್ದರೆ ಬರುತ್ತಿತ್ತು. ಯಾರಿಗೆ ಗೊತ್ತಿತ್ತು?

ಅಷ್ಟರಲ್ಲಿ ನಾಲ್ಕು ಹುಡುಗರು. "ಬಿಡ್ರಿ ಸರ, ಎತ್ತತೀವಿ." ಒಬ್ಬ ಕೈ ಇಡುವ ದಾಂಡು ಹಿಡಿದು ಎತ್ತಿದ. ಅದು ಕಳಚುವ ದಾಂಡು, ಕಿತ್ತು ಅವನ ಕೈಗೇ ಬಂತು. ಅವ್ವನ ಮೊಣಕೈ ಗಾಲಿಗೆ ಬಡಿಯಿತು. "ಏನಾಗಂಗಿಲ್ಲ ಬಿಡ್ರಿ," ಅಂದರು. ಇನ್ನೊಬ್ಬ ನನ್ನ ಕಡೆ ನೋಡಿ, "ಅವ್ವಾರ್ನ ಎಲ್ಲಿಗೆ ಒಯ್ಯಬೇಕ್ರಿ?" ಅಂತ ಕೇಳಿದ. ಅವ್ವಾರು ಅಲ್ಲೇ ಕೂತಿದ್ದಾರೆ, ಕಿವಿ ಚೆನ್ನಾಗಿಯೇ ಕೇಳಿಸುತ್ತೆ. ಆ "ಏನಾಗಂಗಿಲ್ಲ" ಇದೆಯಲ್ಲ, ಅದರ ಮೇಲೆ ನನಗೆ ಇವತ್ತಿಗೂ ಸಿಟ್ಟು. ಮೂಟೆ ಎತ್ತುವ ಮಾತದು.

ಆದರೂ ಒಂದು ಮಾತು ಹೇಳಲೇಬೇಕು, ಮನಸ್ಸಿಲ್ಲದಿದ್ದರೂ. ಇಲ್ಲಿನ ಕುರ್ಚಿಗೆ ಮೊದಲೇ ಬುಕ್ ಮಾಡಬೇಕು, ನಾಲ್ಕು ಗಂಟೆಗೆ ವಾಪಸ್ ಕೊಡಬೇಕು. ಆ ದಾರಿಯಲ್ಲಿ ಸಿಕ್ಕವರೆಲ್ಲ ನಕ್ಕು ಪಕ್ಕಕ್ಕೆ ಸರಿದರು, ಅಷ್ಟೇ. "ಮಂದಿ ಎಲ್ಲಿ ಅದಾರೋ ತಮ್ಮಾ?" ಅಂತ ಅವ್ವ ಕೇಳಿದಳು. ಅಲ್ಲಿ ಆ ಹುಡುಗರು ತೇರು ಬಿಟ್ಟು ಹೊಂಡದ ತನಕ ಬಂದಿದ್ದರು. ರೊಟ್ಟಿ ಬುಟ್ಟಿಯ ಅಜ್ಜಿ ಅವ್ವನ ಮಡಿಲಿಗೇ ರೊಟ್ಟಿ, ಪುಂಡಿಪಲ್ಲೆ ಹಾಕಿ, ದುಡ್ಡು ಬೇಡ ಅಂದಿದ್ದಳು. ಕುರ್ಚಿ ಬಾರದ ಕಡೆ ಕುರ್ಚಿಯನ್ನೇ ಹೊತ್ತೊಯ್ದರು, ಇಲ್ಲಾಂದ್ರೆ ಅವ್ವನಿಗೆ ದೇವಿ ದರ್ಶನ ಎಲ್ಲಿತ್ತು?

ಈ ಸಲದ ಜಾತ್ರೆಗೆ ನಾನು ಹೋಗಲಿಲ್ಲ. ತಮ್ಮ ಫೋನ್ ಮಾಡಿದ್ದ. ಅವ್ವ ಹಳೇ ಇಳಕಲ್ ಸೀರೆಯ ಸೆರಗು ಹರಿದು ಸೊಂಟಕ್ಕೂ ಕುರ್ಚಿಗೂ ಬಿಗಿಸಿಕೊಂಡಳಂತೆ. ಎತ್ತಲು ಬಂದ ಹುಡುಗರಿಗೆ ಕೈ ತೋರಿಸಿ ನಿಲ್ಲಿಸಿ, "ದಾಂಡು ಬ್ಯಾಡ, ಕೆಳಗಿನ ಕಬ್ಬಣ ಹಿಡೀರಿ. ನಾ ಹೂಂ ಅಂದ ಮ್ಯಾಲ ಎತ್ರಿ," ಅಂದಳಂತೆ.